ಮನೆಯೋ, ಅಂಗಡಿಯೋ?

“ಗುರುಗಳೇ, ಜನರ ಮುಂದೆ ಇರುವ ನಾನು ನಿಜವೋ, ಕೋಣೆಯೊಳಗೆ ಇರುವ ನಾನು ನಿಜವೋ?”

ಚನ್ನಮಲ್ಲ ಎಂಬ ಶಿಷ್ಯ ಹೀಗೆ ಕೇಳಿದ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಆ ಸಲ ಶ್ರಾವಣ ಮಾಸವೆಲ್ಲ ನೆರೆಯ ಊರಿನಲ್ಲಿ ಪ್ರವಚನ ಮಾಡಿ ಬಂದಿದ್ದ. ಕೇಳಿದವರು ಅವನ ತಾಳ್ಮೆಯನ್ನೂ ಮಾತಿನ ತಂಪನ್ನೂ ಕೊಂಡಾಡಿದ್ದರು. ತಮ್ಮ ಊರಿನ ಶಾಖಾಮಠಕ್ಕೆ ಇವನನ್ನೇ ಕಳಿಸಿಕೊಡಬೇಕೆಂದು ಹಿರಿಯರು ಬಂದು ಕೇಳಿಕೊಂಡಿದ್ದರು. ಸೋಮವಾರ ಕರೆದೊಯ್ಯಲು ಬರುವವರಿದ್ದರು. ಗುರುಗಳು ಇನ್ನೂ ಹೂಂ ಎಂದಿರಲಿಲ್ಲ.

“ಯಾಕೆ ಕೇಳುತ್ತೀ?” ಎಂದರು ಗುರುಗಳು.

“ವೇದಿಕೆಯ ಮೇಲೆ ಕೂತರೆ ಯಾರು ಏನಂದರೂ ನನಗೆ ಸಿಟ್ಟು ಬರುವುದಿಲ್ಲ. ಕೆಳಗಿಳಿದು ಕೋಣೆಗೆ ಬಂದರೆ, ಜೊತೆಯವರು ಚಾಪೆ ಎಳೆದ ಸದ್ದಿಗೂ ಸಿಡುಕುತ್ತೇನೆ. ಬೆಳಿಗ್ಗೆ ತಿದ್ದಿಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೊದಲಿನಂತೆಯೇ. ತಿದ್ದಿದ್ದು ನಿಲ್ಲುವುದೇ ಇಲ್ಲ. ಇಂಥವನು ಆ ಊರಿಗೆ ಹೋಗಬಹುದೇ?”

ಗುರುಗಳು, “ಗೋಡೆಗೆ ತೂಗುಹಾಕುತ್ತಾರಲ್ಲ, ಕಪ್ಪು ಹಲಗೆಯಂಥ ಅಗಲವಾದ ಟೀವಿ, ಅದಕ್ಕೇನೋ ಒಂದು ಹೆಸರಿದೆ. ನಾಲಗೆಯ ತುದಿಗೆ ಬಂದು ನಿಂತಿದೆ, ಇಳಿಯುತ್ತಿಲ್ಲ. ಇರಲಿ, ಹೆಸರಿಲ್ಲದೆಯೂ ಕತೆ ನಡೆಯುತ್ತದೆ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಮನೆಯಲ್ಲಿ ಅವನು, ಅವನ ಹೆಂಡತಿ, ಅವನ ತಾಯಿ. ಗಂಡ ತೀರಿದ ಮೇಲೆ ಆ ತಾಯಿಯೇ ಗಾದಿಯ ಮೇಲೆ ಕೂತು ಅಂಗಡಿ ನಡೆಸಿದವಳು. ಮಗನಿಗೆ ಕಸುಬು ಕಲಿಸಿದವಳೂ ಅವಳೇ. ಸೀರೆ ಕೊಳ್ಳಲು ಬಂದವರಿಗೆ, “ದೀಪದ ಬೆಳಕನ್ನು ನಂಬಬೇಡ ತಾಯಿ, ಹೊಸ್ತಿಲಿಗೆ ತಗೊಂಡು ಹೋಗಿ ಹಗಲಲ್ಲಿ ಹಿಡಿದು ನೋಡು” ಎಂದು ತಾನೇ ಎದ್ದು ಬಾಗಿಲ ತನಕ ಬರುತ್ತಿದ್ದಳು. ಅಂಗಡಿ ನಿಂತದ್ದು ಆ ಮಾತಿನ ಮೇಲೆ.

ಈಗ ಅವಳಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಅಂಗಡಿಯ ಬಾಗಿಲು ಹಾಕಿದ ಮೇಲೆ ಮೂವರೂ ನಡುಮನೆಯಲ್ಲಿ ಕೂತು ಟೀವಿಯಲ್ಲಿ ಧಾರಾವಾಹಿ ನೋಡುವುದು ವಾಡಿಕೆ. ಇಡೀ ದಿನದಲ್ಲಿ ಮೂವರು ಒಟ್ಟಿಗೆ ಕೂರುವುದು ಆ ಒಂದು ಗಂಟೆ ಮಾತ್ರ. ಟೀವಿ ಹಳೆಯದು, ಚಿಕ್ಕದು. ತಾಯಿಗೆ ಅದರಲ್ಲಿ ಮುಖಗಳು ಕಾಣುತ್ತಿರಲಿಲ್ಲ.

“ಈಗ ಅಳ್ತಿರೋದು ಯಾರೇ?” ಎಂದು ಸೊಸೆಯನ್ನು ಕೇಳುವಳು.

“ಸೊಸೆ ಅಳ್ತಿದ್ದಾಳೆ, ಅತ್ತೆ.”

“ಅವಳೇ ಅಳಬೇಕು ಬಿಡು. ಅತ್ತೆ ಅತ್ತಿದ್ದನ್ನ ಯಾವ ಪುಣ್ಯಾತ್ಮ ತೋರಿಸ್ತಾನೆ?”

ಮೂವರೂ ನಗುವರು. ಆದರೆ ವ್ಯಾಪಾರಿಗೆ ಒಳಗೊಳಗೇ ಅಳುಕು. ಹೀಗೆ ಕೇಳಿ ಕೇಳಿ ಅವ್ವನಿಗೆ ಒಂದು ದಿನ ಬೇಸರ ಬಂದು ಎದ್ದು ಹೋದರೆ, ಇರುವ ಆ ಒಂದು ಗಂಟೆಯೂ ಹೋಯಿತಲ್ಲ ಎಂದು ಹೆದರಿದ. ದೊಡ್ಡ ಟೀವಿ ತರಬೇಕೆಂದು ನಿಶ್ಚಯಿಸಿದ.

ಅಂಗಡಿಯ ಮೀಟರ್ ಕೋಲನ್ನು ತಂದು ಗೋಡೆ ಅಳೆದ. ತಾಯಿಯ ಕುರ್ಚಿಗೂ ಗೋಡೆಗೂ ಎಷ್ಟು ದೂರ ಎಂದು ಅಳೆದ. ಬಟ್ಟೆ ಅಳೆದು ರೂಢಿಯಾದ ಕೈ, ಕೊನೆಯಲ್ಲಿ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟಿತು.

ಗಂಡಹೆಂಡಿರು ಟೀವಿ ಮಾರುವ ಅಂಗಡಿಗೆ ಹೋದರು. ಗೋಡೆಯ ತುಂಬ ಸಾಲಾಗಿ ಟೀವಿಗಳು. ಎಲ್ಲದರಲ್ಲೂ ಅದೇ ಗಿಳಿ, ಅದೇ ಒಡೆದ ದಾಳಿಂಬೆ. ಅವುಗಳಲ್ಲಿ ಒಂದರ ಗಿಳಿ ಮಾತ್ರ ಉಳಿದವಕ್ಕಿಂತ ಹಸಿರಾಗಿತ್ತು, ದಾಳಿಂಬೆ ಉಳಿದವಕ್ಕಿಂತ ಕೆಂಪಾಗಿತ್ತು. ವ್ಯಾಪಾರಿ ಬೇರೆ ಯಾವುದನ್ನೂ ನೋಡದೆ ಅದರ ಮುಂದೆಯೇ ನಿಂತ.

“ಕಣ್ಣಿಗೆ ಹೊಡೆಯುತ್ತೆ ಕಣ್ರೀ” ಎಂದಳು ಹೆಂಡತಿ.

“ಅವ್ವನಿಗೆ ಕಾಣಬೇಕೋ ಬೇಡವೋ?”

“ಹಾಗಾದರೆ ದೀಪದ ಬೆಳಕನ್ನು ನಂಬಬೇಡಿ. ಹೊಸ್ತಿಲಿಗೆ ತಗೊಂಡು ಹೋಗಿ ಹಗಲಲ್ಲಿ ಹಿಡಿದು ನೋಡಿ.” ಅವಳು ಅತ್ತೆಯ ದನಿ ತೆಗೆದು ಅಣಕಿಸಿದಳು. ಮಾರುವವನು ನಕ್ಕ. ವ್ಯಾಪಾರಿಯೂ ನಕ್ಕು, ಅದನ್ನೇ ಆರಿಸಿದ.

ಮಾರನೆಯ ದಿನ ಇಬ್ಬರು ಆಳುಗಳು ಟೀವಿ ತಂದರು. ಗೋಡೆಗೆ ತೂತು ಕೊರೆದು, ಕಬ್ಬಿಣದ ಪಟ್ಟಿ ಬಿಗಿದು, ಟೀವಿಯನ್ನು ಎತ್ತಿ ಸಿಕ್ಕಿಸಿದರು. ಅವರಿಗೆ ಇನ್ನೊಂದು ಮನೆಯ ಕೆಲಸವಿತ್ತು. “ಇನ್ನು ಅದೇ ಒಂದೊಂದಾಗಿ ಕೇಳುತ್ತೆ ಯಜಮಾನರೇ, ನೀವು ಉತ್ತರ ಕೊಡ್ತಾ ಹೋಗಿ, ಅಷ್ಟೇ” ಎಂದು ಹೇಳಿ ಹೊರಟುಹೋದರು.

ವ್ಯಾಪಾರಿ ರಿಮೋಟ್ ಹಿಡಿದು ಕೂತ. ಟೀವಿ ಮೊದಲು ಭಾಷೆ ಕೇಳಿತು, ಒತ್ತಿದ. ದೇಶ ಕೇಳಿತು, ಒತ್ತಿದ. ಮೂರನೆಯದಾಗಿ, ನನ್ನನ್ನು ಎಲ್ಲಿ ಇಟ್ಟಿದ್ದೀರಿ, ಮನೆಯಲ್ಲೋ ಅಂಗಡಿಯಲ್ಲೋ ಎಂದು ಕೇಳಿತು.

ವ್ಯಾಪಾರಿಯ ಬೆರಳು ನಿಂತಿತು.

“ಮನೆ ಅಂತ ಒತ್ತಿ” ಎಂದಳು ಹೆಂಡತಿ.

“ಹೇಗೆ ಒತ್ತಲಿ? ಕರೆಂಟ್ ಬಿಲ್ ಬರೋದು ಅಂಗಡಿ ಹೆಸರಿಗೆ. ಇದರ ರಸೀದಿ ಬರೆಸಿದ್ದೂ ಅಂಗಡಿ ಹೆಸರಿಗೆ. ಸುಳ್ಳು ಹೇಳಿ, ನಾಳೆ ಕೆಟ್ಟರೆ ಗ್ಯಾರಂಟಿ ಇಲ್ಲ ಅಂದುಬಿಡ್ತಾರೆ.”

“ಅಲ್ಲಾರೀ, ಈಗ ನಾವು ಕೂತಿರೋದು ಎಲ್ಲಿ?”

“ಅಂಗಡಿ ಹಿಂದೆ.”

ಅವನದು ಕುತರ್ಕವಾಗಿರಲಿಲ್ಲ. ಊರಿಗೂ ಅದು ಅಂಗಡಿಯೇ. ನೆಂಟರು ಮದುವೆಯ ಕಾಗದ ಕಳಿಸಿದರೂ ಮೇಲೆ ಅಂಗಡಿಯ ಹೆಸರು. ಊಟಕ್ಕೆ ಏಳುವಾಗಲೂ ಅವನು ಮನೆಗೆ ಹೋಗುತ್ತೇನೆ ಎನ್ನುತ್ತಿರಲಿಲ್ಲ, ಒಳಗೆ ಹೋಗುತ್ತೇನೆ ಎನ್ನುತ್ತಿದ್ದ. ಸುಳ್ಳು ಹೇಳಿ ರೂಢಿಯಿಲ್ಲದವನು. ಅಂಗಡಿ ಎಂದು ಒತ್ತಿದ.

ಟೀವಿ ಧಗ್ಗನೆ ಬೆಳಗಿತು. ಗೋಡೆಗೇ ಜೀವ ಬಂದಂತಾಯಿತು. ಅಕ್ಕಪಕ್ಕದ ಅಂಗಡಿಯವರು ಪರದೆ ಸರಿಸಿ ಬಂದು ನೋಡಿ, “ಏನು ಬಣ್ಣ, ಏನು ಬಣ್ಣ!” ಎಂದರು. ವ್ಯಾಪಾರಿ ತಾಯಿಯನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ.

ಸ್ವಲ್ಪ ಹೊತ್ತಿಗೆ ತಾಯಿಯ ಕಣ್ಣಲ್ಲಿ ನೀರು ಸುರಿಯತೊಡಗಿತು. ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಸುರಿಯಿತು.

“ಈಗ ಅಳ್ತಿರೋದು ಯಾರೇ?”

“ನೀವೇ, ಅತ್ತೆ” ಎಂದಳು ಸೊಸೆ.

ಆ ದಿನವೂ ನಕ್ಕರು. ಮರುದಿನ ನಗು ಬರಲಿಲ್ಲ. ತಾಯಿ ಅರ್ಧಕ್ಕೇ ಮುಖ ತಿರುಗಿಸಿ ಕೂತಳು. ವ್ಯಾಪಾರಿ ರಿಮೋಟ್ ಹಿಡಿದು ಬೆಳಕು ತಗ್ಗಿಸಿದ. ಹಿತವಾಯಿತು. ಕಾಲು ಗಂಟೆ ಕಳೆಯುವುದರೊಳಗೆ ಟೀವಿ ತಾನಾಗಿ ಮತ್ತೆ ಮೊದಲಿನಷ್ಟೇ ಉರಿಯಿತು. ಮತ್ತೆ ತಗ್ಗಿಸಿದ. ಮತ್ತೆ ಏರಿತು. ಅದೂ ಸಾಲದೆಂಬಂತೆ, ಧಾರಾವಾಹಿಯ ನಡುನಡುವೆ ಕೆಳಗೊಂದು ಪಟ್ಟಿ ಮೂಡಿ ತನ್ನ ಬಣ್ಣ ಎಂಥದು, ತನ್ನ ದನಿ ಎಂಥದು ಎಂದು ತನ್ನನ್ನೇ ಹೊಗಳಿಕೊಳ್ಳುತ್ತಿತ್ತು.

“ಇದೇನು, ನಮ್ಮನೆಗೆ ಬಂದು ವಾರವಾದರೂ ಇನ್ನೂ ಗಿರಾಕಿ ಹುಡುಕುತ್ತಿದೆ” ಎಂದಳು ಹೆಂಡತಿ.

ವ್ಯಾಪಾರಿ ತನಗೆ ತಿಳಿದ ಉಪಾಯ ಮಾಡಿದ. ಅಂಗಡಿಯಿಂದ ತೆಳುವಾದ ಮಲ್‌ಮಲ್ ಬಟ್ಟೆ ಹರಿದು ತಂದು ಟೀವಿಗೆ ಹೊದಿಸಿದ. ಒಂದು ಪದರ ಸಾಲಲಿಲ್ಲ, ಎರಡು ಮಾಡಿದ. ಈಗ ಬೆಳಕೇನೋ ತಗ್ಗಿತು. ಆದರೆ ಬಟ್ಟೆಯ ಹಿಂದೆ ಯಾರು ಬಂದರು, ಯಾರು ಹೋದರು ಎಂದು ಅವನಿಗೇ ತಿಳಿಯಲಿಲ್ಲ.

“ಅವ್ವನ ಕಣ್ಣೇ ಹೋಯಿತೋ ಏನೋ” ಎಂದ ಹೆಂಡತಿಗೆ, ತಗ್ಗಿದ ದನಿಯಲ್ಲಿ. “ಇಷ್ಟು ದೊಡ್ಡದು ತಂದರೂ ನೋಡಲಾಗದು ಅಂದರೆ ಇನ್ನೇನು?”

ತಾಯಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಅಂದಿನಿಂದ ಅವಳು ಅಳುತ್ತಿರುವುದು ಯಾರು ಎಂದು ಕೇಳುವುದನ್ನು ಬಿಟ್ಟಳು. ಎರಡು ದಿನ ಸುಮ್ಮನೆ ಕೂತಿದ್ದಳು. ಮೂರನೆಯ ದಿನ, “ಸೊಂಟ ನೋವು, ಮಲಗ್ತೀನಿ” ಎಂದು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾಲ್ಕನೆಯ ದಿನ ಬರಲೇ ಇಲ್ಲ. ಕುರ್ಚಿ ಖಾಲಿ ಬಿತ್ತು. ವ್ಯಾಪಾರಿ ಯಾವುದಕ್ಕೆ ಹೆದರಿ ಟೀವಿ ತಂದಿದ್ದನೋ ಅದು ಟೀವಿಯ ಜೊತೆಯಲ್ಲೇ ಮನೆಗೆ ಬಂದಿತ್ತು.

ಅವನು ಟೀವಿ ಅಂಗಡಿಗೆ ಫೋನ್ ಮಾಡಿ, “ಒಂದೋ ಸರಿಮಾಡಿ, ಇಲ್ಲವೋ ಬಿಚ್ಚಿಕೊಂಡು ಹೋಗಿ” ಎಂದ.

ರಿಪೇರಿಯವನು ಬಂದ. ವಯಸ್ಸಾದ ಮನುಷ್ಯ. ಬಟ್ಟೆ ಹೊದ್ದು ನಿಂತ ಟೀವಿಯನ್ನು ನೋಡಿ, “ಇದಕ್ಕೇನು ಮದುವೆಯೋ?” ಎಂದ. ಬಟ್ಟೆ ಸರಿಸಿದ. ಬಣ್ಣ ನೋಡಿದ.

“ಯಜಮಾನರೇ, ಮೊದಲ ದಿನ ಇದು ನಿಮ್ಮನ್ನ ಒಂದು ಮಾತು ಕೇಳಿರಬೇಕು. ಏನು ಹೇಳಿದಿರಿ?”

“ಅಂಗಡಿ ಅಂದೆ. ಇದ್ದದ್ದನ್ನೇ ಹೇಳಿದೆ.”

“ಅದಕ್ಕೇ. ಅಂಗಡಿ ಅಂದರೆ ಇದು ಮಾರಾಟಕ್ಕೆ ನಿಂತಿರುತ್ತೆ. ದಾರಿಯಲ್ಲಿ ಹೋಗೋರು ತಿರುಗಿ ನೋಡಬೇಕು, ಅಷ್ಟೇ ಇದರ ಕೆಲಸ. ನೀವು ಎಷ್ಟು ಸಲ ತಗ್ಗಿಸಿದರೂ, ಯಾವನೋ ಗಿರಾಕಿ ಕೈಯಾಡಿಸಿದ ಅಂದುಕೊಂಡು ಮತ್ತೆ ಏರಿಸಿಕೊಳ್ಳುತ್ತೆ. ಮುಂದೆ ಕೂತು ನೋಡೋರು ಒಬ್ಬರಿದ್ದಾರೆ ಅನ್ನೋದೇ ಇದಕ್ಕೆ ಗೊತ್ತಿಲ್ಲ.”

ಅವನು ನಾಲ್ಕಾರು ಗುಂಡಿ ಒತ್ತಿ, ಅಂಗಡಿ ಎಂದಿದ್ದನ್ನು ಮನೆ ಎಂದು ಮಾಡಿದ. ಟೀವಿಯ ಉರಿ ಇಳಿಯಿತು. ಬಿಳಿಯೆಲ್ಲ ತುಸು ಹಳದಿಗೆ ತಿರುಗಿತು. ಕೆಂಪು ಕುಂಕುಮದ ಕೆಂಪಾಯಿತು. ವ್ಯಾಪಾರಿ ಟೀವಿಯ ಹತ್ತಿರ ಹೋಗಿ ನಿಂತ.

“ಬಣ್ಣ ಎಲ್ಲಿ ಹೋಯಿತು? ನಾನು ಆರಿಸಿದ್ದು ಇದಲ್ಲ.”

“ಇದೇ ಯಜಮಾನರೇ. ನೀವು ಮನೆಗೆ ತಂದದ್ದು ಇದೇ.”

“ನೋಡಿದವರು ಏನಂದಾರು?”

“ನೋಡಿದವರು ಯಾರು? ಎಷ್ಟು ಹೊತ್ತು ಕೂರ್ತಾರೆ?”

ರಿಪೇರಿಯವನು ಚೀಲ ಎತ್ತಿಕೊಂಡು ಹೋದ. ವ್ಯಾಪಾರಿ ಮಂಕಾದ ಟೀವಿಯ ಮುಂದೆ ರಿಮೋಟ್ ಹಿಡಿದು ನಿಂತೇ ಇದ್ದ. ಗುಂಡಿ ಯಾವುದೆಂದು ಈಗ ಅವನಿಗೂ ಗೊತ್ತಿತ್ತು. ಒತ್ತಿದರೆ ಆ ಬಣ್ಣವೆಲ್ಲ ಮತ್ತೆ ಬರುತ್ತದೆ. ಪಕ್ಕದ ಅಂಗಡಿಯವನು ಸಂಜೆ ತನ್ನ ಮನೆಯವರನ್ನೂ ಕರೆತಂದು ತೋರಿಸುವೆನೆಂದು ಹೇಳಿದ್ದ. ಅವರು ನೋಡಿ ಹೋಗುವ ತನಕ ಅಂಗಡಿ ಎಂದೇ ಇಟ್ಟು, ಆಮೇಲೆ ಮನೆ ಎಂದರಾಯಿತು ಎಂದುಕೊಂಡ. ಬೆರಳು ಗುಂಡಿಯ ಮೇಲಿತ್ತು.

ಅಷ್ಟರಲ್ಲಿ ಕೋಣೆಯ ಬಾಗಿಲು ಸದ್ದಾಯಿತು. ಯಾರೂ ಕರೆದಿರಲಿಲ್ಲ. ತಾಯಿ ನೀರು ಕುಡಿಯಲೆಂದು ಎದ್ದು ಬಂದಿದ್ದಳು. ಚೊಂಬು ಹಿಡಿದು ನಡುಮನೆ ದಾಟುವಾಗ ಟೀವಿಯತ್ತ ತಿರುಗಿ ನೋಡಿದಳು. ನಿಂತಳು. ಕುರ್ಚಿಯ ಕೈ ತಡವಿಕೊಂಡು ಕೂತಳು. ಮುಂದಕ್ಕೆ ಬಾಗಿ ನೋಡಿದಳು.

“ಏನೇ, ಈ ಹುಡುಗಿ ಎರಡೂ ಕಡೆ ಮೂಗು ಚುಚ್ಚಿಸಿಕೊಂಡಿದ್ದಾಳಲ್ಲೇ?” ಎಂದಳು.

ಅಡುಗೆಮನೆಯಲ್ಲಿದ್ದ ಸೊಸೆ ಸೌಟು ಹಿಡಿದುಕೊಂಡೇ ಓಡಿಬಂದಳು. ವ್ಯಾಪಾರಿ ರಿಮೋಟ್ ಕೆಳಗಿಟ್ಟ. ಸಂಜೆ ಪಕ್ಕದ ಅಂಗಡಿಯವರು ಬಂದರು, ನೋಡಿದರು, “ಬಣ್ಣ ಯಾಕೋ ಮಂಕಾಯಿತಲ್ಲ” ಎಂದರು. “ಹೌದು” ಎಂದ ವ್ಯಾಪಾರಿ. ಅವರು ಬೇಗ ಎದ್ದು ಹೋದರು.

ಗುರುಗಳು ಕತೆ ನಿಲ್ಲಿಸಿದರು.

ಚನ್ನಮಲ್ಲನ ಮುಖ ಅರಳಿತ್ತು. ಕತೆ ಯಾರದೆಂದು ಅವನಿಗೆ ತಿಳಿದಿತ್ತು. ತಿಳಿಯಿತಲ್ಲ ಎಂಬ ಸಂತೋಷದಲ್ಲಿ ಕೈಮುಗಿದು ಹೇಳಿದ:

“ಅರ್ಥವಾಯಿತು ಗುರುಗಳೇ. ಇನ್ನು ಮುಂದೆ ಎಚ್ಚರವಾಗಿರುತ್ತೇನೆ. ಹಾಗಾದರೆ ಸೋಮವಾರ ಹೊರಡಲೇ? ಆ ಊರಿನವರೆಲ್ಲ ನನ್ನನ್ನು ಒಪ್ಪಿದ್ದಾರೆ.”

ಗುರುಗಳು ಕೇಳಿದರು: “ನಿನ್ನ ಜೊತೆ ಕೂತು ಉಣ್ಣುವವರು ಒಪ್ಪಿದ್ದಾರೆಯೇ?”

ಚನ್ನಮಲ್ಲ ಮುಗಿದ ಕೈಯನ್ನು ಮೆಲ್ಲಗೆ ಇಳಿಸಿದ.