ಗೂಬೆ ಹಗಲು ಬಿಟ್ಟದ್ದು

ಲೋಕ ಇನ್ನೂ ಹೊಸದಾಗಿದ್ದಾಗ ಗೂಬೆಯೂ ಎಲ್ಲ ಹಕ್ಕಿಗಳಂತೆ ಹಗಲಲ್ಲೇ ಹಾರುತ್ತಿತ್ತು. ಹುಲಿಗೆವ್ವ ಎಂಬಾಕೆಯ ಮಾಳಿಗೆಯ ಮೇಲೆ ಕೂತು, ಜೋಳಕ್ಕೆ ಬರುವ ಇಲಿಗಳನ್ನು ಹಿಡಿಯುತ್ತಿತ್ತು. ಹುಲಿಗೆವ್ವ ಅದನ್ನು ಮನೆಮಗಳಂತೆ ಮಾತಾಡಿಸುತ್ತಿದ್ದಳು. ಗೂಬೆ ಎಂಬುದು ಆಗ ಬೈಗುಳವಲ್ಲ, ಬರೀ ಹೆಸರು.

ಆಗಿನ ಜನ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಆಳದ ಗುಂಡಿಯಲ್ಲಿ, ತುಂಬಿ ಬಾಯಿ ಮುಚ್ಚುತ್ತಿದ್ದರು. ಗಾಳಿ ಅವರಿಗೊಂದು ಮಾತು ಹೇಳಿತ್ತು. "ಹಗೇವು ತೆರೆದ ದಿನ ಯಾರೂ ಇಳೀಬ್ಯಾಡ್ರಿ. ಮೊದಲು ನಾ ಒಳಗ ಹೋಗಿ ಬರ್ತೀನಿ. ಮರುದಿನ ದೀಪ ಇಳಿಸಿ ನೋಡ್ರಿ. ದೀಪ ಉರಿದ್ರ ಮನಿಷಾನೂ ಉಳೀತಾನ." ಊರೆಲ್ಲ ಹಾಗೇ ನಡೆಯುತ್ತಿತ್ತು.

ಹುಲಿಗೆವ್ವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವ ಸಂಕಣ್ಣ, ಒಲೆ ಹೊತ್ತಿಸುವ ಮೊದಲೇ ಊಟಕ್ಕೆ ಕೂರುವ ಆಸಾಮಿ. ಚಿಕ್ಕವ ಕೆಂಚ, ಅಣ್ಣ ಹಾಕಿದ ಗೆರೆ ದಾಟದವ. ಒಂದು ಬೆಳಿಗ್ಗೆ, ಊರವರೆಲ್ಲ ಹೊಲಕ್ಕೆ ಹೋಗಿದ್ದಾಗ, ಸಂಕಣ್ಣ ಹಗೇವಿನ ಬಾಯಿ ತೆರೆದ. ತೆರೆದವನೇ ಹಗ್ಗ ಬಿಟ್ಟ.

"ಇಳಿಯೋ ಕೆಂಚ. ನಾಳೀತನಾ ಯಾರು ಕಾಯ್ತಾರ?"

ಮಾಳಿಗೆಯಿಂದ ಗೂಬೆ ಕೂಗಿತು. "ಇಳಿಸಬ್ಯಾಡೋ ಸಂಕಣ್ಣ. ಈಗಷ್ಟ ಅದರಾಗ ಒಂದು ಇಲಿ ಬಿತ್ತು. ಬಿದ್ದದ್ದು ಮಿಸುಕಲಿಲ್ಲ. ಯವ್ವಾ, ನೀನಾರ ಹೇಳು."

ಹುಲಿಗೆವ್ವ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಕೇಳಿಸಿತ್ತು, ಚೆನ್ನಾಗಿಯೇ ಕೇಳಿಸಿತ್ತು. ದೊಡ್ಡ ಮಗನ ಸಿಟ್ಟಿಗೆ ಹೆದರಿ ಬಾಯಿಗೆ ಬಂದ ಮಾತು ನುಂಗಿದಳು. ಕೆಂಚ ಇಳಿದ. ಹಗ್ಗ ಸಡಿಲವಾಯಿತು. ಮತ್ತೆ ಬಿಗಿಯಾಗಲಿಲ್ಲ.

ಮರುದಿನ, ದೀಪ ಉರಿದ ಮೇಲೆ, ಅವನನ್ನು ಎತ್ತಿ ತಂದು ಅಂಗಳದಲ್ಲಿ ಮಲಗಿಸಿದರು. ಊರು ಕೂಡಿತು. ಹಿರಿಯ ಬರಮಜ್ಜ ಕೇಳಿದ, "ಗಾಳಿ ಮಾತು ಮೀರಿ ಇವನ್ನ ಇಳಿಸಿದವ್ರು ಯಾರು?" ಇಳಿಸಿದವನನ್ನು ಕಾಡಿಗೆ ಅಟ್ಟುವುದು ಅಂದಿನ ಕಟ್ಟಳೆ. ಸಂಕಣ್ಣ ಕೈಯೆತ್ತಿ ಮಾಳಿಗೆ ತೋರಿಸಿದ.

"ಇಳಿ ಇಳಿ ಅಂತ ಕೂಗಿದ್ದು ಆ ಗೂಬಿ."

ಗೂಬೆ ಕೆಳಗಿಳಿದು ಹುಲಿಗೆವ್ವನ ಮುಂದೆ ಕೂತಿತು. "ಯವ್ವಾ, ನಾ ಏನಂದೆ ಅಂತ ನೀ ಕೇಳಿಸಿಕೊಂಡಿ. ಇವರಿಗೆ ಹೇಳು. ನೀ ಹೇಳಿದ್ರ ನಂಬ್ತಾರ."

ಹುಲಿಗೆವ್ವ ಸತ್ತ ಮಗನನ್ನು ನೋಡಿದಳು. ನಿಜ ಹೇಳಿದರೆ ಉಳಿದ ಒಬ್ಬನೂ ಹೋಗುತ್ತಾನೆ. ಆ ದುಂಡು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಆದರೂ ಅಂದಳು, "ಹೂಂ. ಗೂಬೀನ."

ಹೆತ್ತವಳೇ ಹೇಳಿದ ಮೇಲೆ ಇನ್ನೇನು? ಮೊದಲ ಕಲ್ಲು ಎಸೆದವನು ಸಂಕಣ್ಣ. ಆಮೇಲೆ ಊರೇ ಎಸೆಯಿತು. ಕಾಗೆಗಳೂ ಗುಂಪು ಕಟ್ಟಿ ಅಟ್ಟಿಸಿಕೊಂಡು ಹೋದವು. ಗಾಯಗೊಂಡ ಗೂಬೆ ಒಂದು ಹಾಳು ಗೋಡೆಯ ಪೊಟರೆಯಲ್ಲಿ ಅಡಗಿತು. ಗಾಳಿ ಬಂದು ಮೆಲ್ಲಗೆ ಹೇಳಿತು, "ನನ್ನ ಮಾತು ಹೇಳಾಕ ಹೋಗಿ ಕೆಟ್ಟಿ. ನಿನ್ನ ರೆಕ್ಕಿ ಸದ್ದು ಇನ್ನ ನಾ ನುಂಗ್ತೀನಿ. ಕತ್ತಲಾದ ಮ್ಯಾಲ ಹಾರು."

ಅದಕ್ಕೇ ಮಗೂ, ಇವತ್ತಿಗೂ ಗೂಬೆ ಕತ್ತಲಲ್ಲಿ ಸದ್ದಿಲ್ಲದೆ ಹಾರುತ್ತದೆ, ಕಲ್ಲೆತ್ತಿದವರು ಯಾರೆಂದು ಕತ್ತನ್ನು ಬೆನ್ನಿನವರೆಗೂ ತಿರುಗಿಸಿ ನೋಡುತ್ತದೆ. ಹಗಲಲ್ಲಿ ಕಂಡರೆ ಕಾಗೆಗಳು ಬಿಡುವುದಿಲ್ಲ. ನಾವೂ ದಡ್ಡನನ್ನು ಗೂಬೆ ಎಂದು ಬೈಯುತ್ತೇವೆ; ಯಾರಾದರೂ ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಗೂಬೆ ಕೂರಿಸಿದ ಎನ್ನುತ್ತೇವೆ; ಹಾಗೆ ಕೂರಿಸುವಾಗ, ಎಲ್ಲ ಗೊತ್ತಿದ್ದೂ ಹೂಂ ಅನ್ನುವವರು ಪಕ್ಕದಲ್ಲಿ ಒಬ್ಬರು ಇದ್ದೇ ಇರುತ್ತಾರೆ, ನೋಡು.