ಗುರುಮಲ್ಲ ನೆಟ್ಟು ಇಳಿಸಿದ್ದು

ಇಂಟರ್‌ನೆಟ್ಟು ಅನ್ನೋದು ಫೋನಿನ ತಂತಿಯೊಳಗೆ ಕೀರ್ ಕೀರ್ ಅಂತ ಕೂಗಿಕೊಂಡು ಬರುತ್ತಿದ್ದ ಕಾಲ ಅದು. ಆಗ ನಂಜನಗೂಡಿನಲ್ಲಿ ದೇವೀರಮ್ಮ ಅಂತ ಒಬ್ಬಾಕೆ ಇದ್ದಳು. ಆಕೆಗೆ ಗುರುಮಲ್ಲ ಅಂತ ಮಗ. ವಯಸ್ಸು ಇಪ್ಪತ್ತಾರು, ಮೈಯಲ್ಲಿ ಆನೆ ಬಲ, ಮನಸ್ಸಿನಲ್ಲಿ ಚೂರೂ ಕಪಟ ಇಲ್ಲ, ತಲೆಯಲ್ಲಿ ಮಾತ್ರ... ಏನು ಹೇಳೋದು! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತಾಯಿಯ ಸಂಕಟವೇ ಅದು.

ದೇವೀರಮ್ಮನ ಮಗಳು ಮಂಗಳ ದೂರದ ಅಸ್ಸಾಮಿನಲ್ಲಿ ಹೆಣ್ಣು ಹೆತ್ತಿದ್ದಳು. ಅಳಿಯ ಮಿಲಿಟರಿಯವನು. ಕೂಸಿಗೆ ಮೂರು ತಿಂಗಳು ತುಂಬಿದರೂ ಅಜ್ಜಿ ಅದರ ಮುಖ ಕಂಡಿಲ್ಲ. "ನೆಟ್ಟಿನಲ್ಲಿ ಫೋಟೋ ಕಳಿಸಿದೀವಿ, ನೋಡಿ ಅತ್ತೆ" ಅಂತ ಅಳಿಯನ ಫೋನು ಬಂತು.

ನೆಟ್ಟು ಇದ್ದದ್ದು ಅದೇ ಮನೆಯ ಮಹಡಿಯ ಮೇಲೆ, ದೇವೀರಮ್ಮನ ತಮ್ಮ ಬಸವಲಿಂಗಪ್ಪ ಮೇಷ್ಟ್ರ ಹತ್ತಿರ. ಆಕೆಯ ಮಂಡಿಗೋ ಮೆಟ್ಟಿಲು ಹತ್ತುವ ಶಕ್ತಿ ಇಲ್ಲ. ಕೆಳಗೆ ಅಳಿಯ ಬಿಟ್ಟುಹೋದ ಕಂಪ್ಯೂಟರೊಂದಿತ್ತು.

"ಯೋಚನೆ ಮಾಡಬೇಡಕ್ಕ. ನನ್ನ ಕಂಪ್ಯೂಟರು ಲಿನಕ್ಸು, ನಿನ್ನದು ವಿಂಡೋಸು. ಜಾತಿ ಬೇರೆಯಾದರೂ ನಡುವೆ ಒಂದು ತಂತಿ ಹಾಕಿದರೆ ನನ್ನ ನೆಟ್ಟು ನಿನಗೂ ಇಳಿಯುತ್ತೆ," ಅಂದ ತಮ್ಮ.

"ಗುರುಮಲ್ಲಾ, ಹೋಗು, ಮಾವನ ಮನೆಯಿಂದ ತಂತಿ ಎಳಿ!" ಅಂದಳು ತಾಯಿ.

ಹೋದ. ಗೋಡೆ ಪಕ್ಕ ಒಂದು ತಂತಿ ಕಂಡಿತು. ಎಳೆದ! ಮಾವನ ಫೋನು ಮೇಜಿನಿಂದ ದಡಾರ್ ಅಂತ ಬಿತ್ತು.

"ಅಯ್ಯೋ ಪೆದ್ದೇ! ಸಿಕ್ಕಿದ್ದನ್ನೆಲ್ಲ ಎಳೀತಾರೇನೋ? ತಂತಿ ಸಿಕ್ಕರೆ ಭದ್ರ ಮಾಡಬೇಕು!" ಅಂತ ಬೈದಳು ತಾಯಿ.

"ಹಾಗೇ ಆಗಲಿ ಬಿಡವ್ವ."

ಮಾರನೇ ದಿನ ಮಾವ ಕಿಟಕಿಯಿಂದ ಹೊಸ ತಂತಿ ಇಳಿಬಿಟ್ಟು, "ನಿಮ್ಮ ಕಂಪ್ಯೂಟರಿಗೆ ಸೇರಿಸೋ!" ಅಂತ ಕೂಗಿದ. ಗುರುಮಲ್ಲ ಕಂಪ್ಯೂಟರಿನ ಸುತ್ತ ಸುತ್ತಿದ, ಸುತ್ತಿದ, ಏಳು ಗಂಟು ಹಾಕಿದ.

"ಭದ್ರ ಮಾಡಿದೀನಿ ಮಾವ! ಗೂಳಿ ಜಗ್ಗಿದರೂ ಬಿಚ್ಚಲ್ಲ!"

ಮಾವ ಇಳಿದು ಬಂದು ಒಂದು ಗಂಟೆ ಗಂಟು ಬಿಚ್ಚಿದ, ತುದಿಯನ್ನು ತೂತಿಗೆ ತಾನೇ ಸಿಗಿಸಿದ. "ಇನ್ನು ಕೈ ಹಚ್ಚಬೇಡ! ಇದಕ್ಕೆ ಬೇರೆ ವಿಳಾಸ ಕೊಡಬೇಕು. ಎರಡೂ ಒಂದೇ ವಿಳಾಸದಲ್ಲಿದ್ದರೆ ಜಗಳ ಆಡ್ತವೆ, ತಿಳೀತಾ?"

"ತಿಳೀತು ಮಾವ."

ಬೆಳಗ್ಗೆ ದೇವೀರಮ್ಮ ಸ್ನಾನ ಮುಗಿಸಿ ಬಂದರೆ ಮೇಜು ಬರಿದು!

"ಕಂಪ್ಯೂಟರೆಲ್ಲೋ?"

"ಬೇರೆ ವಿಳಾಸಕ್ಕೆ ಹೊತ್ತು ಹಾಕಿದೆ ಕಣವ್ವ. ಹಿಂದಿನ ಬೀದಿ ಪುಟ್ಟನಂಜಮ್ಮನ ಮನೆ. ಇನ್ನು ಜಗಳ ಇಲ್ಲ!"

ದೇವೀರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಮೊಮ್ಮಗಳ ಮುಖ ನೋಡೋ ಯೋಗ ನನಗಿಲ್ಲವಲ್ಲಪ್ಪ" ಅಂತ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವ್ವನ ಕಣ್ಣೀರು ಕಂಡಿದ್ದೇ ತಡ, ಗುರುಮಲ್ಲ ಓಡಿಹೋಗಿ ಕಂಪ್ಯೂಟರನ್ನು ತಲೆ ಮೇಲೆ ಹೊತ್ತು ತಂದ.

ಮಾವ ಕೂತು ಬೇರೆ ವಿಳಾಸ ಅಂತ ಏನೇನೋ ಅಂಕಿ ಒತ್ತಿದ. ಬಂತು ನೆಟ್ಟು! ಫೋಟೋ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಮೊದಲು ಕೂದಲು. ಆಮೇಲೆ ಹಣೆ. "ಹಣೆ ನಮ್ಮ ಯಜಮಾನರದೇ!" ಅಂದಳು ದೇವೀರಮ್ಮ. ಆಮೇಲೆ ಕಣ್ಣು. ಮೂಗು ಇಳಿಯೋ ಹೊತ್ತಿಗೆ ಕಾಫಿ ಆರಿಹೋಗಿತ್ತು. ಈಗ ಚಿಟಿಕೆ ಹೊಡೆಯೋದರಲ್ಲಿ ನೂರು ಫೋಟೋ ಬಂದು ಬೀಳ್ತವೆ. ಒಂದು ಮೂಗಿಗಾಗಿ ಮೂರು ಜನ ಉಸಿರು ಹಿಡಿದು ಕಾದ ಆ ಸುಖ ಎಲ್ಲಿ ಬರಬೇಕು!

"ಕೂಸು ಯಾವ ದಾರೀಲಿ ಬಂತು ಮಾವ?" ಅಂದ ಗುರುಮಲ್ಲ.

"ಮೇಲಿರೋ ನನ್ನ ಕಂಪ್ಯೂಟರ್ ಪೆಟ್ಟಿಗೆಯೇ ಬಾಗಿಲು ಕಣೋ. ಅಸ್ಸಾಮಿಂದ ಏನು ಬಂದರೂ ಅದರೊಳಗಿಂದ ಬರಬೇಕು. ಇಲ್ಲಿಂದ ಏನು ಹೋದರೂ ಅದರೊಳಗಿಂದಲೇ ಹೋಗಬೇಕು!"

"ಓಹೋ! ನೆನಪಿಟ್ಕೋತೀನಿ."

ಎರಡು ವಾರ ಕೂತು ದೇವೀರಮ್ಮ ಕೂಸಿಗೊಂದು ಉಣ್ಣೆ ಕುಲಾವಿ ಹೆಣೆದಳು, ಮಗಳಿಗೆ ಅಂತ ನಾಲ್ಕು ಚಕ್ಕುಲಿ ಕರಿದಳು. "ಗುರುಮಲ್ಲಾ, ಇದನ್ನ ಅಸ್ಸಾಮಿಗೆ ಕಳಿಸಿ ಬಾ" ಅಂದಳು. ಪೋಸ್ಟಾಫೀಸು ಅನ್ನೋ ಮಾತು ಬಾಯಿಗೆ ಬರಲಿಲ್ಲ ನೋಡಿ!

ಹೋದವನು ಗಳಿಗೆಯಲ್ಲಿ ವಾಪಸ್ಸು ಬಂದ.

"ಇಷ್ಟು ಬೇಗ ಕಳಿಸಿಬಿಟ್ಟೆಯಾ?"

"ಕಳಿಸಿದೆ ಕಣವ್ವ!"

ಅಷ್ಟರಲ್ಲಿ ಮಹಡಿ ಮೇಲೆ ಕಟಕಟ, ಕರಕರ! "ಅಕ್ಕಾ! ಕೆಟ್ಟೆ!" ಅಂತ ಮಾವನ ಚೀರಾಟ. ಪೆಟ್ಟಿಗೆ ಕಾಯದಿರಲಿ ಅಂತ ಅದರ ಒಂದು ಮಗ್ಗುಲು ತೆಗೆದೇ ಇಟ್ಟಿದ್ದ ಮಾವ. ಒಳಗೆ ಕುಲಾವಿ ಬೆಚ್ಚಗೆ ಕೂತಿದೆ, ಪೆಟ್ಟಿಗೆಯ ಪುಟ್ಟ ಫ್ಯಾನಿನಿಂದ ಚಕ್ಕುಲಿ ಪುಡಿ ಭರ್ರೋ ಅಂತ ಹಾರುತ್ತಿದೆ!

ಗುರುಮಲ್ಲ ಮೆಟ್ಟಿಲು ಹತ್ತಿ ಓಡಿದ, ಬಗ್ಗಿ ನೋಡಿದ, ಬೆರಳು ಮಡಿಸಿ ಎಣಿಸಿದ. ಮುಖ ಅರಳಿತು.

"ಅವ್ವಾ!" ಅಂತ ಮೇಲಿಂದಲೇ ಕೂಗಿದ. "ಮೂರು ಇನ್ನೂ ಇಲ್ಲೇ ಇವೆ. ಒಂದು ಚಕ್ಕುಲಿ ಆಗಲೇ ಅಸ್ಸಾಮಿಗೆ ಹೊರಟಿದೆ!"