ಕಾಳಮ್ಮನ ಖಾಲಿ ಗುಳಿ

ಆಗ ಯಾವ ಅರಸು ಆಳುತ್ತಿದ್ದನೋ ಗೊತ್ತಿಲ್ಲ. ಹಿಂದೆ, ಬಹಳ ಹಿಂದೆ, ಹುಣಸೆತೋಪಿನ ಮಗ್ಗುಲಲ್ಲಿ ಒಂದು ಊರು. ಆ ಊರಲ್ಲಿ ಕಾಳಮ್ಮ ಅಂತ ಒಬ್ಬಳಿದ್ದಳಂತೆ. ಮಕ್ಕಳಿಗೆ ಅಂಕಿ ಹೇಳಿಕೊಡುತ್ತಿದ್ದಳಂತೆ. ಅವಳಿಗೆ ಯಾರು ಕಲಿಸಿದರೋ. ತವರಲ್ಲಿ ಕಲಿತಳು ಅಂತಾರೆ ಕೆಲವರು. ಹುಟ್ಟುವಾಗಲೇ ತಂದಳು ಅಂತಾರೆ ಇನ್ನು ಕೆಲವರು. ಅವಳ ಜಗಲಿಯಲ್ಲಿ ಕಲಿತ ಮಗು ಆಕಾಶದ ಚುಕ್ಕಿಯನ್ನೆಲ್ಲ ಎಣಿಸಿ ಮುಗಿಸಿ ಊಟಕ್ಕೆ ಬರುತ್ತಿತ್ತಂತೆ.

ಅವಳ ಗಂಡ ಮೊಗಣ್ಣಾಚಾರಿ. ಬಡಗಿ. ಅಕ್ಷರ ಬಾರದವನು. ಒಂದು ದಿನ ಕಾಳಮ್ಮ ಬಂದು, ಮೂರು ಗುಳಿಯ ಮಣೆ ಮಾಡಿಕೊಡಿ ಅಂದಳಂತೆ. ಅಳಗುಳಿ ಮಣೆಗೆ ಹದಿನಾಲ್ಕು ಗುಳಿ, ಮೂರರಲ್ಲಿ ಯಾವ ಆಟ ಆಡ್ತೀಯೆ ಅಂತ ಅವನು ನಕ್ಕನಂತೆ. ಆದರೂ ಮಾಡಿಕೊಟ್ಟ. ಹಲಸಿನ ಮರದ್ದು.

ಬಲಗಡೆ ಗುಳಿ ಬಿಡಿಯದು. ನಡುವಿನದು ಹತ್ತರದು. ಎಡಗಡೆಯದು ನೂರರದು. ಹುಣಸೆಬೀಜ ಒಂದೊಂದೇ ಬಲಗಡೆ ಹಾಕುತ್ತಾ ಹೋಗಬೇಕು. ಹತ್ತು ತುಂಬಿತೋ, ಅಷ್ಟನ್ನೂ ಎತ್ತಿ ನಡುವೆ ಒಂದೇ ಒಂದು ಇಡಬೇಕು. ನಡುವೆ ಹತ್ತು ತುಂಬಿದರೆ ಎಡಗಡೆ ಒಂದು. ಬೀಜ ಅದೇ. ಕೂತ ಜಾಗ ಬೇರೆ.

ಇಷ್ಟನ್ನು ಮಕ್ಕಳು ಬೇಗ ಹಿಡಿಯುತ್ತಿದ್ದವಂತೆ. ತಪ್ಪುತ್ತಿದ್ದದ್ದು ಒಂದೇ ಕಡೆ. ಅಳಗುಳಿ ಆಟದಲ್ಲಿ ಖಾಲಿ ಗುಳಿ ಬಂದರೆ ಕೈಯಲ್ಲಿ ಸವರಿ ಮುಂದಿನದನ್ನು ಬಾಚಿಕೊಳ್ಳುತ್ತಾರಲ್ಲ, ಅದೇ ಅಭ್ಯಾಸ. ಇಲ್ಲೂ ಖಾಲಿ ಗುಳಿ ಸವರಿ ದಾಟಿಬಿಡುತ್ತಿದ್ದವು. ಮುನ್ನೂರೈದು ಇಟ್ಟರೆ ಮೂವತ್ತೈದು ಅನ್ನುತ್ತಿದ್ದವು.

ಅದಕ್ಕೆ ಕಾಳಮ್ಮ ಗಂಡನನ್ನೇ ಕರೆದು ಜಗಲಿಯ ಒಂದು ತುದಿಗೆ ಕೂರಿಸಿದಳಂತೆ, ಅಂಗಳದ ಮಕ್ಕಳಿಗೆ ಎಡಕ್ಕೆ ಕಾಣುವ ಹಾಗೆ. ನಡುವೆ ತಾನು. ಬಲತುದಿಗೆ ಒಂದು ಮಗು.

"ನಮ್ಮ ಆಚಾರ್ರು ಒಬ್ಬರೇ ನೂರಾಳು," ಅನ್ನುತ್ತಿದ್ದಳು.

"ಊಟದಲ್ಲಿ," ಅನ್ನುತ್ತಿದ್ದವು ಮಕ್ಕಳು.

ಒಲೆ ನೋಡಲು ಒಳಗೆ ಹೋಗುವಾಗ ಅವನಿಗೊಂದು ಮಾತು ಹೇಳಿಯೇ ಏಳುತ್ತಿದ್ದಳಂತೆ.

"ನಾನಿಲ್ಲ ಅಂತ ಈ ಕಡೆ ಸರೀಬೇಡಿ. ಸರಿದರೆ ಹತ್ತಾಗಿ ಹೋಗ್ತೀರಿ."

ಅವನು ಸರಿಯುತ್ತಿರಲಿಲ್ಲ. ಮೈಮೇಲೆ ಬಿಸಿಲು ಬಿದ್ದರೂ ಸರಿಯುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅವಳು ಬರುವ ತನಕ.

ಒಂದು ಚಳಿಗಾಲ ಕಾಳಮ್ಮ ತೀರಿಹೋದಳು. ಹೇಗೆ ಅಂತ ಯಾರೂ ಹೇಳಲ್ಲ. ಹೋದಳು.

ಮೊಗಣ್ಣಾಚಾರಿ ಜಗಲಿಯ ಅದೇ ತುದಿಯಲ್ಲಿ ಕೂತಿರುತ್ತಿದ್ದ. ಉಳಿ ಮುಟ್ಟಲಿಲ್ಲ. ಅವನ ಅಕ್ಕ ಬಂದು, ಒಂದು ಹೆಣ್ಣು ನೋಡಿದ್ದೀನಿ ಅಂದಳಂತೆ.

"ಮನೆ ಖಾಲಿ ಇಟ್ಟುಕೊಂಡು ಏನು ಪೂಜೆ ಮಾಡ್ತೀಯೋ? ಹುಣ್ಣಿಮೆಗೆ ಬರ್ತೀನಿ. ಒಂದು ಮಾತು ಹೇಳಿಬಿಡು."

ಬೇಡ ಅನ್ನಬೇಕು ಅವನಿಗೆ. ಯಾಕೆ ಬೇಡ ಅಂತ ಹೇಳೋಕೆ ಮಾತು ಸಿಗದು. ಅಕ್ಕನಿಗೆ ಎದುರಾಡಿದವನಲ್ಲ.

ಹುಣ್ಣಿಮೆ ದಿನ ಅಕ್ಕ ಬಂದಳು. ಅಂಗಳದಲ್ಲಿ ಮಕ್ಕಳು ಆ ಮಣೆ ಇಟ್ಟುಕೊಂಡು ಕೂತಿದ್ದವು. ಎಡಗಡೆ ಮೂರು ಬೀಜ, ಬಲಗಡೆ ಐದು. ಸಾಕಿ ಅನ್ನೋ ಹುಡುಗಿ ನಡುವಿನ ಗುಳಿ ಸವರಿ, ಮೂವತ್ತೈದು ಅಂದಳು.

ಮೊಗಣ್ಣಾಚಾರಿ ಎದ್ದುಹೋಗಿ ಅವಳ ಕೈ ಹಿಡಿದನಂತೆ.

"ಸವರಬೇಡ ಮಗಾ."

"ಅಲ್ಲೇನೂ ಇಲ್ವಲ್ಲ ತಾತ."

"ಇಲ್ಲ. ಜಾಗ ಇದೆಯಲ್ಲ. ಅದು ಇರೋದಕ್ಕೇ ಈ ಮೂರು ಮುನ್ನೂರು."

"ನಾನೊಂದು ಬೀಜ ಹಾಕಲಾ ಅದಕ್ಕೆ?"

ಅವನು ಅಕ್ಕನ ಕಡೆ ತಿರುಗಿದನಂತೆ.

"ಬೀಜ ಹಾಕಿದರೆ ಬೇರೆ ಲೆಕ್ಕ ಆಗುತ್ತೆ ಅಕ್ಕ. ನನ್ನದು ಇದು."

ಅಕ್ಕ ಮಣೆ ನೋಡಿದಳು. ಜಗಲಿ ನೋಡಿದಳು. ಎಲೆಅಡಿಕೆ ಚೀಲ ಬಿಚ್ಚಿಕೊಂಡು ಬಲತುದಿಗೆ ಹೋಗಿ ಕೂತಳಂತೆ. ನಡುವೆ ಕೂರಲಿಲ್ಲ. ಹೆಣ್ಣಿನ ಮಾತು ಮತ್ತೆ ಎತ್ತಲಿಲ್ಲ.

ಇರುವಷ್ಟು ದಿನ ಅವನು ಮಕ್ಕಳಿಗೆ ಅದೊಂದನ್ನೇ ಹೇಳಿಕೊಟ್ಟ ಅಂತಾರೆ. ಮಿಕ್ಕಿದ್ದು ಅವನಿಗೆ ಬರುತ್ತಿರಲಿಲ್ಲ.

ಈಗಲೂ ಆ ಊರಿನ ಮಕ್ಕಳು ಅಂಕಿ ಓದುವಾಗ ಸೊನ್ನೆ ಬಂದರೆ ಅದರ ಮೇಲೆ ಬೆರಳಿಟ್ಟು ಒಂದು ಉಸಿರು ತಡೆಯುತ್ತವೆ. ಆಮೇಲೆ ಮುಂದಕ್ಕೆ. ಹೊಸದಾಗಿ ಬಂದ ಮೇಷ್ಟರು ಯಾಕೆ ನಿಂತಿರಿ ಅಂತ ಕೇಳಿದರೆ, ಕಾಳಮ್ಮ ಒಲೆ ನೋಡೋಕೆ ಒಳಗೆ ಹೋಗಿದ್ದಾಳೆ ಅಂತಾವೆ.